ಆಗುಂಬೆ, ಚಾರ್ಮಾಡಿ, ಮಾಳ, ಬಿಸಿಲೆ: ಸೈಕಲ್ಲಿಗೆ ಯಾವ ಘಾಟಿ?

ಕಾರ್ಕಳದಲ್ಲಿ ನಿಂತು ಪೂರ್ವಕ್ಕೆ ಕಣ್ಣು ಹಾಯಿಸಿದರೆ ಘಟ್ಟ ಗೋಡೆಯ ಹಾಗೆ ಕಾಣುತ್ತದೆ. ಅದನ್ನು ಹತ್ತಲಿಕ್ಕೆ ದಾರಿಗಳಿಗೇನೂ ಬರವಿಲ್ಲ. ಕಾರಿನವರಿಗೆ ಯಾವುದಾದರೂ ಆದೀತು, ಸೈಕಲ್ ತುಳಿಯುವವನ ಲೆಕ್ಕವೇ ಬೇರೆ. ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಾ ಏರುವಾಗ ಹಿಂದಿನಿಂದ ಬರುವ ಒಂದೊಂದು ಹಾರ್ನೂ ಬೆನ್ನಿಗೆ ಗುದ್ದಿದ ಹಾಗಿರುತ್ತದೆ.

ಗದ್ದಲವಿಲ್ಲದ ದಾರಿ ಹುಡುಕುತ್ತಾ ಮೂರು ವರ್ಷದಿಂದ ಒಂದೊಂದೇ ಘಾಟಿ ಹತ್ತಿ ನೋಡುತ್ತಾ ಬಂದಿದ್ದೇನೆ. ನನ್ನದು 28 ಎಂ.ಎಂ. ಟೈರಿನ ಸಾದಾ ರೋಡ್ ಬೈಕು. ಹಿಂದಿನ ದೊಡ್ಡ ಗೇರಿಗೆ 32 ಹಲ್ಲು, ಬ್ರೇಕು ಚಕ್ರದ ಅಂಚನ್ನೇ, ಅಂದರೆ ರಿಮ್ಮನ್ನೇ, ಒತ್ತಿ ಹಿಡಿಯುವಂಥದ್ದು. ವಯಸ್ಸು ನಲವತ್ತಾರು, ಹೊಟ್ಟೆ ಸ್ವಲ್ಪ ಮುಂದಿದೆ. ಕಾಲಿನಲ್ಲಿ ನನಗಿಂತ ಕಸುವಿದ್ದವರಿಗೆ ಈ ಲೆಕ್ಕ ಸ್ವಲ್ಪ ಬದಲಾದೀತು. ಶಿರಾಡಿಯನ್ನು ಪಂದ್ಯಕ್ಕೆ ಸೇರಿಸಿಯೇ ಇಲ್ಲ. ಟ್ಯಾಂಕರು, ಕಂಟೇನರುಗಳ ಆ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೈಕಲ್ ಹೊಡೆಯುವವರಿಗೆ ದೂರದಿಂದಲೇ ನಮಸ್ಕಾರ.

ಎಲ್ಲರೂ ಮೊದಲು ಹೇಳುವ ಹೆಸರು ಆಗುಂಬೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಸೀತಾನದಿ ಕಡೆಯ ಕಾಡಿನ ನೆರಳು, ಹೆಚ್ಚುಕಡಿಮೆ ಸಮತಟ್ಟು. ಕಾಲು ಬಿಸಿ ಮಾಡಿಕೊಳ್ಳಲಿಕ್ಕೆ ಹೇಳಿ ಮಾಡಿಸಿದ ದಾರಿ. ಅಲ್ಲಿಂದ ಘಾಟಿ: 14 ಹೇರ್‌ಪಿನ್ ತಿರುವು, ಸುಮಾರು ಹತ್ತು ಕಿಲೋಮೀಟರ್ ಏರು, ಮೇಲೆ ಸುಮಾರು 650 ಮೀಟರ್ ಎತ್ತರದಲ್ಲಿ ಆಗುಂಬೆ. ಅಂಕಿಯಲ್ಲಿ ನೋಡಿದರೆ ಹೆದರುವಂಥದ್ದೇನಿಲ್ಲ. ತಿರುವಿನಿಂದ ತಿರುವಿನವರೆಗೆ ಏರು ಮೆತ್ತಗಿದೆ, ಉಸಿರು ಸರಿಮಾಡಿಕೊಳ್ಳಬಹುದು. ತೊಂದರೆ ತಿರುವಿನಲ್ಲೇ. ಒಳಮೈ ಗೋಡೆಯಷ್ಟು ಕಡಿದು. ಹೊರಮೈಗೆ ಸರಿದರೆ ಎದುರಿನಿಂದ ಬರುವ ಮಿನಿ ಬಸ್ಸು ರಸ್ತೆಯನ್ನಿಡೀ ಬಳಸಿಕೊಂಡು ತಿರುಗುತ್ತಿರುತ್ತದೆ. ಘನ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಲಾರಿ ಇಲ್ಲ ಎಂದ ಕೂಡಲೇ ನಿಶ್ಶಬ್ದ ಎಂದುಕೊಂಡಿದ್ದೆ, ನನ್ನ ದಡ್ಡತನ. ಲಾರಿ ಎದುರಿಗಿಲ್ಲ ಎಂಬ ಧೈರ್ಯಕ್ಕೆ ಕಾರಿನವರು ಇನ್ನೂ ಜೋರು.

ಸೂರ್ಯಾಸ್ತದ ಕಟ್ಟೆಯೊಂದು ಮೇಲೆ ಇದೆಯಲ್ಲ, ಇಡೀ ಘಾಟಿಯ ದಿನಚರಿಯನ್ನು ನಿರ್ಧರಿಸುವುದು ಅದೇ. ಸಂಜೆ ನಾಲ್ಕರ ನಂತರ ಹತ್ತಿದರೆ ಕಾರಿನ ಮೆರವಣಿಗೆಯ ಜೊತೆ ಹತ್ತಿದ ಹಾಗೆ. ಬೆಳಿಗ್ಗೆ ಆರಕ್ಕೆ ಸೋಮೇಶ್ವರ ಬಿಟ್ಟರೆ ಅದೇ ರಸ್ತೆ ಬೇರೆ ರಸ್ತೆ. ಡಿಸೆಂಬರಿನ ಒಂದು ಮುಂಜಾನೆ ಏಳನೇ ತಿರುವಿನಲ್ಲಿ ನೀರು ಕುಡಿಯಲು ನಿಂತಿದ್ದೆ. ತಲೆಯ ಮೇಲೆ ಸರಸರ ಸದ್ದು. ನೋಡಿದರೆ ಸಿಂಗಳೀಕ, ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಕೊಂಬೆಯ ಮೇಲೆ ಕೂತು ನನ್ನನ್ನೂ ಸೈಕಲ್ಲನ್ನೂ ಸರದಿಯಲ್ಲಿ ನೋಡಿತು. ಕೆಳಗೆ ತಡೆಗೋಡೆಯ ಮೇಲಿದ್ದ ಮಂಗಗಳಿಗೆ ಮಾತ್ರ ನನ್ನ ಹಿಂದಿನ ಚೀಲದ ಮೇಲೆಯೇ ಕಣ್ಣು. ಚಿಪ್ಸ್ ಎಸೆದು ಎಸೆದು ಅವಕ್ಕೆ ಆ ಅಭ್ಯಾಸ ಮಾಡಿಸಿದವರು ನಾವೇ.

ಮಳೆಗಾಲದಲ್ಲಿ ಆಗುಂಬೆ ಹತ್ತಬಹುದು, ಇಳಿಯಬೇಡಿ. ರಿಮ್ ಬ್ರೇಕಿನವನಾಗಿ ಹೇಳುತ್ತಿದ್ದೇನೆ. ಒದ್ದೆ ರಿಮ್ಮಿಗೆ ಬ್ರೇಕು ಒತ್ತಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ, ಆ ಒಂದು ಗಳಿಗೆಯಲ್ಲಿ ತಿರುವು ಬಂದುಬಿಟ್ಟಿರುತ್ತದೆ.

ಚಾರ್ಮಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತಲ್ಲ, ಮತ್ತೆ ತೆರೆದ ಮೇಲೆ ಎರಡು ಸಲ ಹೋಗಿದ್ದೇನೆ. ಉದ್ದದ ಏರು, ಎಡಕ್ಕೆ ಕಣಿವೆ, ನೋಟ ಆಗುಂಬೆಗಿಂತ ಒಂದು ಕೈ ಮೇಲೆಯೇ. ಆದರೆ ಅದು ಮಂಗಳೂರಿಂದ ಚಿಕ್ಕಮಗಳೂರಿನ ಕಡೆಗೆ ಹೋಗುವವರ ಮುಖ್ಯ ದಾರಿ. ಜುಲೈ ಬಂದರೆ ಬಂಡೆಯಿಂದ ಇಳಿಯುವ ಒಂದೊಂದು ನೀರಿನ ಎಳೆಯ ಬುಡದಲ್ಲೂ ನಾಲ್ಕು ಕಾರು, ಹತ್ತು ಸೆಲ್ಫಿ. ಕೊಟ್ಟಿಗೆಹಾರದ ನೀರ್ದೋಸೆಗಾಗಿ ಹೋಗುವುದಾದರೆ ಹೋಗಿ. ನಾನು ಎರಡನೇ ಸಲ ಹೋದದ್ದೂ ಅದಕ್ಕೇ.

ಇಷ್ಟಾಗುವಾಗ ನನಗೊಂದು ವಿಷಯ ಹೊಳೆಯಿತು. ರಸ್ತೆ ಗದ್ದಲವಾಗುವುದು ಲಾರಿಯಿಂದ ಅಲ್ಲ, ನಿಂತು ನೋಡುವ ಜಾಗದಿಂದ. ಎಲ್ಲಿ ನಿಲ್ಲಲಿಕ್ಕೆ ಕಾರಣವಿಲ್ಲವೋ ಅಥವಾ ಬಿಡುವುದಿಲ್ಲವೋ ಅಲ್ಲಿ ವಾಹನ ಬರುತ್ತದೆ, ಹೋಗುತ್ತದೆ, ಆಮೇಲೆ ಹತ್ತು ನಿಮಿಷ ಚೈನಿನ ಸದ್ದು ಬಿಟ್ಟರೆ ಬೇರೇನಿಲ್ಲ.

ಬಜಗೋಳಿಯಿಂದ ಮಾಳದ ಮೇಲೆ ಎಸ್.ಕೆ. ಬಾರ್ಡರಿಗೆ ಹತ್ತುವ ದಾರಿ ಇದಕ್ಕೆ ಸಾಕ್ಷಿ. ಕಾಗದದಲ್ಲಿ ಇದೂ ಹೆದ್ದಾರಿಯೇ, 169. ಆದರೆ ಕಾಡು ಶುರುವಾದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕಂಡಲ್ಲಿ ನಿಲ್ಲಿಸುವಂತಿಲ್ಲ. ಚೆಕ್‌ಪೋಸ್ಟಿನಲ್ಲಿ ವಾಹನಕ್ಕೆ ಹೊತ್ತು ಬರೆದು ಚೀಟಿ ಕೊಡುತ್ತಾರೆ, ಆಚೆ ತುದಿಯಲ್ಲಿ ತೋರಿಸಬೇಕು. ನನ್ನನ್ನು ಕಂಡು ಅಲ್ಲಿದ್ದವರು ಪೆನ್ನು ಹಿಡಿದು ಯೋಚನೆಗೆ ಬಿದ್ದರು.

"ನಿಮಗೆ ಎಷ್ಟು ಹೊತ್ತು ಅಂತ ಬರೆಯುವುದು ಮಾರಾಯ್ರೆ?"

"ಕತ್ತಲಾಗುವುದರ ಒಳಗೆ ಅಂತ ಬರೆಯಿರಿ."

ನಗುತ್ತಾ ಕೈ ಬೀಸಿ ಬಿಟ್ಟರು.

ಇಲ್ಲಿಯ ಏರು ಆಗುಂಬೆಯ ಹಾಗೆ ತಿರುವಿನಲ್ಲಿ ಒದೆಯುವುದಿಲ್ಲ. ಒಂದೇ ಹದದಲ್ಲಿ ಮೇಲೆ ಮೇಲೆ ಒಯ್ಯುತ್ತದೆ. ಗೇರು ಹಾಕಿ ಕೂತರೆ ಬದಲಾಯಿಸುವ ಕೆಲಸ ಕಡಿಮೆ. ಎಸ್.ಕೆ. ಎಂದರೆ ಸೌತ್ ಕೆನರಾ. ಆ ಜಿಲ್ಲೆಯ ಹೆಸರು ದಕ್ಷಿಣ ಕನ್ನಡ ಆಯಿತು, 1997ರಲ್ಲಿ ಉಡುಪಿ ಬೇರೆಯೂ ಆಯಿತು, ಗಡಿ ಮಾತ್ರ ಹಳೇ ಹೆಸರಲ್ಲೇ ಉಳಿದಿದೆ. ಅಲ್ಲಿ ದಾರಿ ಕವಲೊಡೆಯುತ್ತದೆ: ಎಡಕ್ಕೆ ಕೆರೆಕಟ್ಟೆ, ಶೃಂಗೇರಿ. ಬಲಕ್ಕೆ ಕುದುರೆಮುಖ, ಕಳಸ. ಎಡದ್ದು ದಟ್ಟ ಕಾಡಿನ ಇಳಿಜಾರು. ನನ್ನ ಮತ ಬಲಕ್ಕೆ. ಶೋಲಾ ಕಾಡು ಒಮ್ಮೆ ಮುಚ್ಚಿಕೊಳ್ಳುತ್ತದೆ, ಒಮ್ಮೆ ಹುಲ್ಲುಗುಡ್ಡ ಬಿಚ್ಚಿಕೊಳ್ಳುತ್ತದೆ, ರಸ್ತೆ ಅದರ ನಡುವೆ ಏರಿಳಿಯುತ್ತಾ ಸಾಗುತ್ತದೆ. ಹನುಮನಗುಂಡಿ ಜಲಪಾತದ ಹತ್ತಿರ ಮಾತ್ರ ಒಂದಿಷ್ಟು ಜನ.

ಕುದುರೆಮುಖ ಪೇಟೆಗೆ ಬಂದರೆ ನಿಶ್ಶಬ್ದದ ಬಣ್ಣವೇ ಬೇರೆ. 2005ರ ಕೊನೆಗೆ ಗಣಿ ನಿಂತಿತು, ಜನ ಹೊರಟುಹೋದರು, ಸಾಲು ಸಾಲು ಕ್ವಾರ್ಟರ್ಸು ಉಳಿದವು. ಇಲ್ಲಿಯ ಅದಿರು ಲಾರಿಯಲ್ಲಿ ಇಳಿಯುತ್ತಿರಲಿಲ್ಲ. ನೀರಿನಲ್ಲಿ ಕಲಸಿ ಪೈಪಿನಲ್ಲೇ ಪಣಂಬೂರಿಗೆ ಹರಿಸುತ್ತಿದ್ದರು. ಗಿಡ ನುಂಗಿದ ಒಂದು ಮನೆಯ ಗೇಟಿಗೆ ಸೈಕಲ್ ಒರಗಿಸಿ ಅವಲಕ್ಕಿ ತಿಂದೆ. ಕಾರ್ಕಳದಿಂದ ತಂದ ಎರಡು ಬಾಟಲಿ ನೀರು ಅಷ್ಟರಲ್ಲಿ ಮುಗಿದಿತ್ತು. ನಿಲ್ಲಲು ಬಿಡದ ರಸ್ತೆಯಲ್ಲಿ ಅಂಗಡಿಯೂ ಇರುವುದಿಲ್ಲ, ಮೂರು ಬಾಟಲಿ ಬೇಕು.

ಬಿಸಿಲೆಗೆ ನಮ್ಮೂರಿಂದ ತುಳಿದುಕೊಂಡು ಹೋಗುವುದು ನನ್ನಿಂದಾಗದ ಮಾತು. ಭಾವನ ಪಿಕಪ್ಪಿನಲ್ಲಿ ಎರಡು ಸೈಕಲ್ ಹಾಕಿ ರಾತ್ರಿಯೇ ಸುಬ್ರಹ್ಮಣ್ಯ ಸೇರಿದೆವು. ಬೆಳಿಗ್ಗೆ ಆರೂವರೆಗೆ ಕುಲ್ಕುಂದದಿಂದ ಏರು. ಬಹುಪಾಲು ಕಾಂಕ್ರೀಟು, ಗೀರು ಹಾಕಿದ್ದಾದ್ದರಿಂದ ಟೈರು ಗುಂಯ್ ಎನ್ನುತ್ತದೆ. ನಡುವೆ ಒಡೆದ ತುಂಡುಗಳಲ್ಲಿ ಇಳಿದು ನಡೆದದ್ದೂ ಉಂಟು. ನಾಲ್ಕರಲ್ಲಿ ಅತಿ ಕಷ್ಟದ್ದು ಇದೇ. ಒಂದು ಏರು ಮುಗಿಯಿತು ಎನ್ನುವಾಗ ಅದರ ಅಣ್ಣ ಎದುರಿಗೆ ನಿಂತಿರುತ್ತಾನೆ. ಮೊದಲ ಒಂದೂವರೆ ಗಂಟೆಯಲ್ಲಿ ನಮ್ಮನ್ನು ದಾಟಿದ್ದು ಒಂದು ಹಾಲಿನ ವ್ಯಾನು, ಎರಡು ಬೈಕು.

ಆಮೇಲೆ ಒಂದು ತಿರುವಿನಾಚೆ ಬೈನೆ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಕಾಂಡ ಉದ್ದಕ್ಕೆ ಸೀಳಿ, ಒಳಗಿನ ಬಿಳಿ ತಿರುಳು ಬಗೆದು ತೆಗೆದಿತ್ತು. ಪಕ್ಕದಲ್ಲಿ ಆನೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಸೈಕಲ್ ನಿಲ್ಲಿಸಿದೆವು. ಚೈನಿನ ಸದ್ದೂ ನಿಂತ ಮೇಲೆ ಕಾಡು ಎಷ್ಟು ಸದ್ದಿಲ್ಲದೆ ಇತ್ತು ಎಂದರೆ ಭಾವ ಉಗುಳು ನುಂಗಿದ್ದು ನನಗೆ ಕೇಳಿತು. ಅಷ್ಟು ದಿನ ಹುಡುಕಿಕೊಂಡು ಬಂದ ನಿಶ್ಶಬ್ದ ಅದೇ, ಆದರೆ ಆ ಹೊತ್ತಿಗೆ ಒಂದು ಲಾರಿ ಬಂದಿದ್ದರೆ ಅಪ್ಪಿಕೊಳ್ಳುತ್ತಿದ್ದೆ. ಮೇಲಿನಿಂದ ಜೀಪೊಂದು ನಿಧಾನಕ್ಕೆ ಇಳಿದು ಬಂತು. ಡ್ರೈವರು ತಲೆ ಹೊರಗೆ ಹಾಕಿ, "ಇಲ್ಲೇ ನಿಲ್ಲಿ ಅಣ್ಣ ಸ್ವಲ್ಪ. ಮೇಲೆ ಒಂಟಿ ಉಂಟು" ಎಂದ. ಅರ್ಧ ಗಂಟೆ ಅವನ ಜೀಪಿನ ಹಿಂದೆಯೇ ನಿಂತಿದ್ದೆವು. ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ ಇರಲಿಲ್ಲ.

ವ್ಯೂ ಪಾಯಿಂಟಿನಲ್ಲಿ ಕುಮಾರ ಪರ್ವತದ ಸಾಲು ಎದುರಿಗೇ. ಸಕಲೇಶಪುರದ ಕಡೆಯಿಂದ ಬಂದ ಕಾರುಗಳೆಲ್ಲ ಅಲ್ಲೇ ನಿಂತು ನೋಡಿ ಅಲ್ಲಿಂದಲೇ ವಾಪಸ್ಸು. ಕೆಳಗಿನ ಕಾಡು ನಮಗೆ ಖಾಲಿ ಸಿಕ್ಕಿದ್ದು ಅದಕ್ಕೇ. ಮುಂದೆ ಮಂಕನಹಳ್ಳಿಯಲ್ಲಿ ರಿಡ್ಜ್ ಎಂಬ ಜಾಗ: ಒಂದು ಬದಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಯದು ಬಂಗಾಳ ಕೊಲ್ಲಿಗೆ. ಭಾವ ಬಾಟಲಿಯ ಕೊನೆಯ ಗುಟುಕನ್ನು ಎರಡೂ ಕಡೆ ಸಮಪಾಲು ಮಾಡಿ ಚೆಲ್ಲಿದ. ಆಮೇಲೆ ಸಕಲೇಶಪುರದವರೆಗೆ ಬಾಯಾರಿದೆ ಎಂದು ನನ್ನ ತಲೆ ತಿಂದ.

ಒಬ್ಬರೇ ಹೋಗುವವರಾದರೆ, ಮೊದಲ ಘಾಟಿಯಾದರೆ, ಬೆಳಗಿನ ಆಗುಂಬೆ. ಟ್ಯೂಬ್ ಹೋದರೂ ಬಸ್ಸು ಸಿಗುತ್ತದೆ. ತಿಂಗಳಿಗೊಂದು ಸಲ ಮನಸ್ಸು ತೊಳೆದುಕೊಳ್ಳಲಿಕ್ಕೆ ನನಗೆ ಮಾಳವೇ ಆಗಬೇಕು. ಈ ನವೆಂಬರಿನಿಂದ ಐದು ಸಲ ಹತ್ತಿದ್ದೇನೆ. ಬಿಸಿಲೆ ಎಲ್ಲಕ್ಕಿಂತ ಮೌನ, ಜೊತೆಯಿಲ್ಲದೆ ಹೋಗಬೇಡಿ, ಏಳು ಗಂಟೆಗೆ ಮೊದಲು ಹೊರಡಬೇಡಿ. ಆರೂವರೆಗೆ ಹೊರಟು ಬುದ್ಧಿ ಬಂದವನ ಮಾತು.

ಇನ್ನೂ ಮೌನ ಬೇಕು ಎನ್ನುವ ಹಟಕ್ಕೆ ಕಳೆದ ಜನವರಿಯಲ್ಲಿ ಕೇರಳದ ಪಾಣತ್ತೂರಿನಿಂದ ಕರಿಕೆಯ ಮೇಲೆ ಭಾಗಮಂಡಲಕ್ಕೆ ಹೊರಟೆ, ಒಬ್ಬನೇ. ನೋಡುವ ಕಟ್ಟೆಯಿಲ್ಲ, ಜಲಪಾತದ ಬೋರ್ಡಿಲ್ಲ, ಕಾಡೇ ಕಾಡು. ಅರ್ಧ ಏರಿನಲ್ಲಿ ಹಿಂಬದಿಯ ಚಕ್ರದ ಎರಡು ಕಡ್ಡಿ ತುಂಡಾಯಿತು. ಚಕ್ರ ಡೊಂಕಾಗಿ ಬ್ರೇಕಿಗೆ ಉಜ್ಜತೊಡಗಿತು. ತಳ್ಳಿಕೊಂಡು ಒಂದು ಗಂಟೆ ನಡೆದ ಮೇಲೆ ಕಟ್ಟಿಗೆಯ ಜೀಪು ಬಂತು. ಸೈಕಲ್ಲನ್ನು ಕಟ್ಟಿಗೆಯ ಮೇಲೆ ಬಿಗಿಯುತ್ತಾ ಜೀಪಿನ ಹಿರಿಯರು ಕೇಳಿದರು:

"ಈ ರಸ್ತೆಗೆ ಸೈಕಲ್ ಯಾಕೆ ತಂದಿರಿ?"

"ಇಲ್ಲಿ ವಾಹನ ಇಲ್ಲ ಅಂತ."

ಅವರು ಹಗ್ಗದ ಗಂಟು ಎಳೆದು ನೋಡಿ, "ಹ್ಞಾಂ, ಇಲ್ಲ. ಹತ್ತಿ" ಎಂದರು.