ಮೂರು ಏರ್‌ಗನ್, ಒಂದು ಪಾಯಿಂಟ್ ಟೂಟೂ: ಹುಣಸೆ ಮರದ ಕೆಳಗಿನ ಲೆಕ್ಕ

ಕಡಲೆಕಾಯಿ ಮೊಳೆತು ನಾಲ್ಕೆಲೆ ಬಿಟ್ಟಿತು ಅನ್ನುವಷ್ಟರಲ್ಲಿ ನಮ್ಮ ಹೊಲಕ್ಕೆ ಮೊಲ ಇಳಿಯುತ್ತವೆ. ಮಧುಗಿರಿ ಕಡೆಯ ಹೊಲ, ಎರಡು ಪಕ್ಕ ಬಂಡೆ, ಒಂದು ಪಕ್ಕ ಲಂಟಾನದ ಪೊದೆ. ಬೆಳಗ್ಗೆ ಹೋಗಿ ನೋಡಿದರೆ ಸಾಲಿನುದ್ದಕ್ಕೂ ಚಿಗುರು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ, ಪಕ್ಕದಲ್ಲಿ ಗುಂಡುಗುಂಡಗೆ ಹಿಕ್ಕೆ. ಮೂರು ವರ್ಷದ ಹಿಂದೆ ಹೀಗೇ ಒಂದು ಬೆಳಗ್ಗೆ ಬದುವಿನ ಮೇಲೆ ಕೂತು, ‘ಒಂದು ಏರ್‌ಗನ್ ತಂದುಬಿಡ್ತೀನಿ’ ಅಂದೆ. ಅಪ್ಪ ಬೀಡಿ ಆರಿಸಿ, ‘ತಂದ್ಕೊ, ಆಮೇಲೆ ಫಾರೆಸ್ಟ್‌ನೋರು ಬಂದ್ರೆ ನೀನೇ ಮಾತಾಡು’ ಅಂದರು.

ಅವರು ಹೇಳಿದ್ದು ಸರಿ. ನನ್ನ ತಲೆ ಕೆಡಿಸಿದ್ದು ಇಂಗ್ಲೆಂಡಿನವರ ವಿಡಿಯೊಗಳು. ಅಲ್ಲಿ ಮೊಲ ಬೆಳೆಗೆ ಪೀಡೆ. ಜಮೀನಿನವನು ಒಪ್ಪಿದರೆ ಹೊಡೆಯಬಹುದು. ಗುಂಡಿನ ಶಕ್ತಿ 12 ಅಡಿ-ಪೌಂಡು, ಅಂದರೆ ಸುಮಾರು 16 ಜೂಲ್ ಮೀರದ ಏರ್ ರೈಫಲ್‌ಗೆ ಅಲ್ಲಿ ಲೈಸೆನ್ಸೂ ಬೇಡ. ನಮ್ಮ ಮೊಲವೇ ಬೇರೆ. ಅವರದು ಬಿಲ ತೋಡಿ ಗುಂಪಾಗಿ ಬಾಳುವ ಜಾತಿ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ತನ್ನ ಮೈಯಷ್ಟೇ ಅಗಲದ ಗುಳಿ ಮಾಡಿಕೊಂಡು ಕಿವಿ ಮಡಚಿ ಕೂತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಅದೂ ಇದೆ. ಏರ್‌ಗನ್ನಿನಲ್ಲಿ ಹೊಡೆದರೂ, ಬಲೆ ಕಟ್ಟಿ ಹಿಡಿದರೂ, ನಮ್ಮದೇ ಹೊಲದಲ್ಲಾದರೂ ಕಾನೂನಿಗೆ ಅದು ಬೇಟೆಯೇ. ಹೊಸತೊಡಕಿಗೆ ಊರಿಗೆ ಊರೇ ಬಲೆ ಹೊತ್ತು ಹೋಗುತ್ತಿದ್ದ ಕಾಲ ಅಪ್ಪನಿಗೆ ಚೆನ್ನಾಗಿ ನೆನಪಿದೆ. ಈಗ ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಬಂದೂಕು ಹೆಗಲಿಗೆ ಹಾಕಿಕೊಂಡು ಆ ಕಡೆ ಬೈಕಿನಲ್ಲಿ ಹೋಗುವ ಧೈರ್ಯ ಯಾರಿಗೂ ಬೇಡ.

ಹಾಗಾಗಿ ಮೊಲದ ಮಾತು ಅಲ್ಲಿಗೇ ಬಿಟ್ಟೆ. ಹೊಲದ ಸುತ್ತ ಮೊಣಕಾಲೆತ್ತರಕ್ಕೆ ನೈಲಾನ್ ಬಲೆ ಬೇಲಿ ಕಟ್ಟಿ, ಬುಡಕ್ಕೆ ಕಲ್ಲು ಜೋಡಿಸಿದ ಮೇಲೆ ಮುಕ್ಕಾಲು ಪಾಲು ಕಾಟ ನಿಂತಿತು. ಗುರಿಯ ಹುಚ್ಚು ಮಾತ್ರ ನಿಲ್ಲಲಿಲ್ಲ.

ನಾನು ಹೋಲಿಸಿ ನೋಡಿದ್ದು ನಾಲ್ಕನ್ನು. ಒಂದು, ಪರಿಚಯದವರೊಬ್ಬರಿಂದ ನಾಲ್ಕೂವರೆ ಸಾವಿರಕ್ಕೆ ಕೊಂಡ ಅಗ್ಗದ ಏರ್‌ಗನ್. ಎರಡು, ಆಮೇಲೆ ಬೆಂಗಳೂರಿನ ಅಂಗಡಿಯಲ್ಲಿ ಹದಿನಾಲ್ಕು ಸಾವಿರ ಕೊಟ್ಟು ತಂದ, ನಮ್ಮ ದೇಶದಲ್ಲೇ ತಯಾರಾದ ಸ್ಪ್ರಿಂಗ್ ರೈಫಲ್. ಮೂರು, ಗೌರಿಬಿದನೂರಿನ ಭಾವನ ಪಿಸಿಪಿ. ಅದರಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿಗೆ ತುಂಬಿಟ್ಟುಕೊಂಡು ಹೊಡೆಯುವುದು. ನಾಲ್ಕನೆಯದು ಲೈಸೆನ್ಸ್ ಬೇಕಾಗುವ ನಿಜವಾದ .22, ಅಂದರೆ .22 ಇಂಚು ನಳಿಗೆಯ ಮದ್ದಿನ ಬಂದೂಕು, ನಮ್ಮ ಕಡೆಯವರ ಬಾಯಲ್ಲಿ ‘ಪಾಯಿಂಟ್ ಟೂಟೂ’.

ಕೊನೆಯದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಬೇಗ ಮುಗಿಯುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದವರಿಗೆಲ್ಲ ಈ ಬಂದೂಕು ಗೊತ್ತು. ಕ್ಯಾಂಪಿನಲ್ಲಿ ಚಾಪೆಯ ಮೇಲೆ ಬೋರಲು ಮಲಗಿಸಿ, ಐದು ರೌಂಡು ಎಣಿಸಿ ಕೊಟ್ಟು, 25 ಗಜದ ಗುರಿಗೆ ಹೊಡೆಸುತ್ತಿದ್ದರು. ಖಾಲಿ ಕೇಸುಗಳನ್ನು ಎಣಿಸಿ ವಾಪಸ್ ಕೊಟ್ಟ ಮೇಲೇ ಎದ್ದೇಳಬೇಕು. ನನ್ನ ಐದೂ ತೂತು ಒಂದು ಬೆಂಕಿಪೊಟ್ಟಣದ ಅಗಲದೊಳಗೆ ಬಿದ್ದಿದ್ದವು, ಆ ಹೆಮ್ಮೆ ಇನ್ನೂ ಇಳಿದಿಲ್ಲ. ಅದರಂಥ ಗುರಿಯ ಬಂದೂಕು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೆ ಎರಡೂವರೆ ಗ್ರಾಮಿನ ಆ ಸೀಸದ ಗುಂಡು ಹತ್ತಿರ ಹತ್ತಿರ 140 ಜೂಲ್ ಹೊತ್ತು ಹೊರಡುತ್ತದೆ, ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ನಮ್ಮ ಹೊಲದಿಂದ ಅಷ್ಟು ದೂರದಲ್ಲಿ ಎರಡು ಊರು, ಒಂದು ಶಾಲೆ, ಒಂದು ಹಾಲಿನ ಡೇರಿ ಇವೆ.

ಇನ್ನು ಲೈಸೆನ್ಸು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟು, ಬಂದೂಕು ಯಾಕೆ ಬೇಕು ಅನ್ನುವುದಕ್ಕೆ ಒಪ್ಪುವಂಥ ಕಾರಣ. ಕೊಡವರಿಗೆ ಇರುವ ವಿನಾಯಿತಿ ನಮಗಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿಗೆ ಐದು ವರ್ಷದ ಆಯಸ್ಸು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ನಮ್ಮ ಮಾವನ ಜೋಡಿ ನಳಿಗೆ ಕೋವಿ ವರ್ಷದಲ್ಲಿ ಅಟ್ಟದ ಮೇಲೆ ಇರುವುದಕ್ಕಿಂತ ಠಾಣೆಯಲ್ಲೇ ಹೆಚ್ಚು ದಿನ ಇರುತ್ತದೆ ಅಂತ ಅತ್ತೆ ನಗುತ್ತಾರೆ. ಭಾನುವಾರದ ಗುರಿ ಆಟಕ್ಕೆ ಇಷ್ಟೆಲ್ಲ ಬೇಡ. ಪಾಯಿಂಟ್ ಟೂಟೂ ಬೇಕೇ ಬೇಕು ಅನ್ನುವವರು ರೈಫಲ್ ಕ್ಲಬ್ ಸೇರಿ ಅಲ್ಲೇ ಹೊಡೆಯುವುದು ಲೇಸು.

ಏರ್‌ಗನ್ನಿಗೆ ಈ ಓಡಾಟ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ .177, ಅಂದರೆ 4.5 ಮಿಲಿಮೀಟರ್ ಮೀರಬಾರದು, ಶಕ್ತಿ 20 ಜೂಲ್ ಮೀರಬಾರದು. ಇವೆರಡರ ಒಳಗಿದ್ದರೆ ಲೈಸೆನ್ಸ್ ಬೇಡ. ‘.22 ಏರ್‌ಗನ್ನೂ ಇದೆ, ಪವರ್ ಜಾಸ್ತಿ ಸಾರ್’ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಕೈ ಮುಗಿದು ಬನ್ನಿ, ಅದು ಲೈಸೆನ್ಸಿನ ಮಾಲು. ಬಿಲ್ಲಿನಲ್ಲಿ ನಳಿಗೆಯ ಅಳತೆ ಬರೆಸಿಕೊಳ್ಳಿ. ನಾನು ಬಿಲ್ಲಿನ ಜೆರಾಕ್ಸನ್ನು ಬಂದೂಕಿನ ಚೀಲದಲ್ಲೇ ಇಟ್ಟಿದ್ದೇನೆ.

ಈಗ ಅಗ್ಗದ್ದರ ಕಥೆ. ನಳಿಗೆಯನ್ನು ಮಧ್ಯಕ್ಕೆ ಮುರಿದು, ಕೆಳಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಕೂರುತ್ತದೆ. ಗುಂಡಿಟ್ಟು ನಳಿಗೆ ಮುಚ್ಚಿ ಹೊಡೆಯುವುದು, ಅಷ್ಟೇ. ಕೈಗೆ ಹಗುರ, ನೋಡಲು ಚೆಂದ. ಮೊದಲ ದಿನ ನಾಲ್ಕೈದು ಗುಂಡಿಗೆ ನಳಿಗೆಯಿಂದ ಹೊಗೆ ಬಂತು, ಪಟಾಕಿಯ ಹಾಗೆ ‘ಟಪ್’ ಅಂತ ಸದ್ದು. ‘ಏನ್ ಪವರ್ ನೋಡು!’ ಅಂತ ಹಿಗ್ಗಿದೆ. ಪವರೂ ಅಲ್ಲ, ಏನೂ ಅಲ್ಲ. ಕೊಡುವವರು ಒಳಗೆ ಸುರಿದಿದ್ದ ಎಣ್ಣೆ, ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಳ್ಳುತ್ತಿತ್ತು, ಡೀಸೆಲ್ ಇಂಜಿನ್ನಿನಲ್ಲಿ ಆಗುವ ಹಾಗೆ. ಅದು ವಾಷರನ್ನು ತಿನ್ನುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೂರನೇ ತಿಂಗಳಿಗೆ ಕೀಲು ಸಡಿಲವಾಗಿ ನಳಿಗೆ ಒಂದು ಎಳೆ ಕೆಳಗೆ ಬಾಗಿತು. ಹತ್ತು ಗುಂಡಿಗೆ ಒಂದು ಸಲ ನಳಿಗೆಯ ಮೇಲಿನ ಗುರಿ ನೋಡುವ ಸೈಟು ತಿರುಗಿಸುವುದೇ ಕೆಲಸವಾಯಿತು. ಟ್ರಿಗರಂತೂ ಹಳೇ ಬಾಗಿಲ ಚಿಲಕ. ಎಳೆದೂ ಎಳೆದೂ ಬೆರಳು ಸೋಲುವ ಹೊತ್ತಿಗೆ ಹೊಡೆಯುತ್ತಿತ್ತು, ಅಷ್ಟರಲ್ಲಿ ಕಣ್ಣು ಗುರಿಯನ್ನು ಬಿಟ್ಟು ಎಲ್ಲಿಗೋ ಹೋಗಿರುತ್ತಿತ್ತು.

ಮೂರು ಏರ್‌ಗನ್ನನ್ನೂ ಒಂದೇ ದಿನ ಪರೀಕ್ಷೆ ಮಾಡಿದ್ದು ಸಂಕ್ರಾಂತಿಗೆ ಭಾವ ಬಂದಾಗ. ಕೊಟ್ಟಿಗೆ ಗೋಡೆಯಿಂದ ಹುಣಸೆ ಮರದವರೆಗೆ ಟೇಪು ಹಿಡಿದು 10 ಮೀಟರಿಗೆ ಒಂದು ಗೂಟ, 25ಕ್ಕೆ ಇನ್ನೊಂದು ಗೂಟ ಹೊಡೆದೆವು. ಗುರಿಯ ಹಿಂದೆ ಹುತ್ತದ ಮಣ್ಣು ತುಂಬಿದ ಎರಡು ಗೊಬ್ಬರದ ಚೀಲ. ಈ ಚೀಲದ ವಿಚಾರ ಒಂದು ಮಾತು ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಬಂಡೆ. ಮೊದಲೊಮ್ಮೆ ಬಂಡೆಗೆ ಹಾಳೆ ಅಂಟಿಸಿ ಹೊಡೆದಿದ್ದೆ. ಗುಂಡು ತಿರುಗಿ ಬಂದು ನನ್ನ ಪಕ್ಕದಲ್ಲಿದ್ದ ತಗಡಿನ ಬಕೆಟ್ಟಿಗೆ ‘ಠಣ್’ ಅಂತ ಬಡಿಯಿತು. ಬಕೆಟ್ಟಿನ ಆಚೆಗೆ ಅಕ್ಕನ ಮಗಳು ಕೂತಿದ್ದಳು. ಅವತ್ತಿನಿಂದ ಮಣ್ಣಿನ ಚೀಲ ಇಲ್ಲದೆ ಹೊಡೆದಿಲ್ಲ, ಕನ್ನಡಕ ಹಾಕದವರನ್ನು ಹತ್ತಿರಕ್ಕೂ ಬಿಟ್ಟಿಲ್ಲ.

ಐದು ಗುಂಡು ಹೊಡೆಯುವುದು, ತೂತುಗಳ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು ನೋಡುವುದು. ನಾಣ್ಯದ ಅಗಲ 27 ಮಿಲಿಮೀಟರ್. ಅಗ್ಗದ್ದರಲ್ಲಿ 10 ಮೀಟರಿಗೆ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೂ ಒಂದು ತೂತು ಆಚೆಗೇ ಉಳಿಯಿತು. 25 ಮೀಟರಿಗೆ ಊಟದ ತಟ್ಟೆ ಬೇಕಾಯಿತು. ಭಾವನ ಪಿಸಿಪಿಯಲ್ಲಿ 10 ಮೀಟರಿಗೆ ಐದೂ ಗುಂಡು ಅಂಗಿ ಗುಂಡಿಯಷ್ಟು ಒಂದೇ ಹರಕು ತೂತು. 25ಕ್ಕೂ ಒಂದೇ ನಾಣ್ಯ ಸಾಕಾಯಿತು. ನಾನು ಒಂದು ಗಳಿಗೆ ಮಾತಾಡಲಿಲ್ಲ.

ನನ್ನ ಸ್ಪ್ರಿಂಗ್ ರೈಫಲ್ ಮೊದಲ ಸುತ್ತಿನಲ್ಲಿ ಮಾನ ಕಳೆಯಿತು, ಅಗ್ಗದ್ದಕ್ಕಿಂತ ಸ್ವಲ್ಪ ವಾಸಿ ಅಷ್ಟೇ. ತಪ್ಪು ಬಂದೂಕಿನದಲ್ಲ, ನನ್ನ ಹಿಡಿತದ್ದು. ಸ್ಪ್ರಿಂಗ್ ಬಂದೂಕು ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಮುಂದಕ್ಕೆ. ಗುಂಡು ನಳಿಗೆ ಬಿಡುವ ಮೊದಲೇ ಈ ಜಗ್ಗಾಟ ಶುರುವಾಗಿರುತ್ತದೆ. ಎನ್‌ಸಿಸಿಯಲ್ಲಿ ಕಲಿಸಿದ ಹಾಗೆ ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿದರೆ ಪ್ರತಿ ಸಲ ಒಂದೊಂದು ಕಡೆ ಜಗ್ಗುತ್ತದೆ. ಎಡ ಅಂಗೈಯನ್ನು ತೊಟ್ಟಿಲ ಹಾಗೆ ಬಿಡಿಸಿ, ಮರದ ಹಿಡಿಯನ್ನು ಅದರ ಮೇಲೆ ಸುಮ್ಮನೆ ಮಲಗಿಸಬೇಕು. ಬೆರಳು ಸುತ್ತಬಾರದು. ಬಾಣಂತಿ ಕೈಯಿಂದ ಕೂಸು ಇಸಕೊಂಡಷ್ಟು ಹಗುರ ಹಿಡಿತ ಸಾಕು. ಅದು ಹೇಗೆ ಬೇಕೋ ಹಾಗೆ ಒದ್ದುಕೊಳ್ಳಲಿ, ಪ್ರತಿ ಸಲವೂ ಒಂದೇ ರೀತಿ ಒದ್ದರಾಯಿತು. ಇದನ್ನು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಆಮೇಲೆ 10 ಮೀಟರಿಗೆ ಐದೂ ಗುಂಡು ಒಂದು ನಾಣ್ಯದೊಳಗೆ, ಎದ್ದ ಗಳಿಗೆ ಚೆನ್ನಾಗಿದ್ದರೆ ಅರ್ಧ ನಾಣ್ಯದೊಳಗೆ. 25 ಮೀಟರಿಗೆ ಎರಡು ನಾಣ್ಯದ ಅಗಲ.

ಈ ಎರಡು ಒದೆತಕ್ಕೆ ಸ್ಕೋಪೂ, ಅಂದರೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನೂ, ಬಲಿಯಾಗುತ್ತದೆ. ಎರಡು ಸಾವಿರದ ಸ್ಕೋಪ್ ಹಾಕಿದ್ದೆ, ಇನ್ನೂರು ಗುಂಡಿಗೆ ಒಳಗಿನ ಅಡ್ಡಗೆರೆ ವಾಲಿಕೊಂಡಿತು. ಮಾಮೂಲಿ ಸ್ಕೋಪುಗಳು ಹಿಂದಕ್ಕೆ ಒದೆಯುವ ಪೆಟ್ಟು ತಡೆಯುತ್ತವೆ, ಮುಂದಕ್ಕೆ ಜಗ್ಗುವ ಪೆಟ್ಟು ತಡೆಯಲಾರವು. ಏರ್‌ಗನ್ನಿಗೆಂದೇ ಮಾಡಿದ್ದನ್ನು ಕೊಳ್ಳಿ, ಇಲ್ಲದಿದ್ದರೆ ಬಂದೂಕಿನ ಜೊತೆ ಬಂದ ಕಬ್ಬಿಣದ ಸೈಟಿನಲ್ಲೇ ಕಲಿಯಿರಿ. ನಾನೀಗ ಸೈಟಿನಲ್ಲೇ ಹೊಡೆಯುತ್ತೇನೆ. ಗುಂಡಿಲ್ಲದೆ ಖಾಲಿ ಹೊಡೆಯುವ ಚಟವಿದ್ದರೆ ಮೊದಲು ಬಿಡಿ, ಪಿಸ್ಟನ್ ಹೋಗಿ ಲೋಹಕ್ಕೆ ಬಡಿದು ಸೀಲು ಹಾಳಾಗುತ್ತದೆ. ನೆಂಟರ ಹುಡುಗರು ಬಂದಾಗ ಇದನ್ನು ಕಾಯುವುದೇ ದೊಡ್ಡ ಕೆಲಸ.

ಹಾಗಾದರೆ ಪಿಸಿಪಿಯನ್ನೇ ಕೊಳ್ಳಬಾರದೆ? ಅದಕ್ಕೆ ಒದೆತವೇ ಇಲ್ಲ, ಹೇಗೆ ಹಿಡಿದರೂ ನಡೆಯುತ್ತದೆ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್‌ಗಳೂ ಈಗ ಗಾಳಿ ತುಂಬಿಟ್ಟುಕೊಳ್ಳುವ ಜಾತಿಯವೇ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಆದರೆ ಭಾವ ಬಂದೂಕಿಗೆ ಮೂವತ್ತೆರಡು ಸಾವಿರ ಕೊಟ್ಟಿದ್ದಲ್ಲದೆ ಕೈ ಪಂಪಿಗೆ ಮತ್ತೆ ಒಂಬತ್ತು ಸಾವಿರ ಹಾಕಿದ್ದಾರೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡ ತುಂಬಬೇಕು. ಲಾರಿ ಟೈರಿಗೇ ಎಂಟೊಂಬತ್ತು ಬಾರ್ ಸಾಕು, ಲೆಕ್ಕ ನೀವೇ ಹಾಕಿ. ಮೊದಲ ಐವತ್ತು ಸಲ ಸಲೀಸಾಗಿ ಇಳಿಯುತ್ತದೆ, ಆಮೇಲೆ ಪಂಪಿನ ಹಿಡಿಯ ಮೇಲೆ ಹೊಟ್ಟೆ ಇಟ್ಟು ಪೂರ್ತಿ ಮೈಭಾರ ಹಾಕಬೇಕು. ನಡುನಡುವೆ ನಿಲ್ಲಿಸಿ ಪಂಪು ಆರಲು ಬಿಡಬೇಕು, ಒಳಗೆ ಸೇರಿದ ತೇವ ಹೊರಬಿಡಬೇಕು. ಇಷ್ಟಾದರೆ ನಲವತ್ತೈದು ಗುಂಡು. ಆಮೇಲೆ ಒತ್ತಡ ಇಳಿದು ಗುಂಡು ಒಂದೊಂದೇ ಕೆಳಗೆ ಬೀಳಲು ಶುರು. ಬೇಸಿಗೆಯಲ್ಲಿ ಒಂದು ರಬ್ಬರ್ ರಿಂಗು ಸೋರಿ ರಾತ್ರಿ ತುಂಬಿಟ್ಟ ಗಾಳಿ ಬೆಳಗ್ಗೆಗೆ ಖಾಲಿ. ಎರಡು ರೂಪಾಯಿಯ ರಿಂಗು ಹಾಕಿಸಲು ಭಾವ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರು. ನನ್ನದಕ್ಕೆ ಸ್ಪ್ರಿಂಗ್ ಹೋದರೂ ನಮ್ಮೂರ ಪಂಪ್‌ಸೆಟ್ ಮೆಕ್ಯಾನಿಕ್ಕೇ ಬಿಚ್ಚಿ ಹಾಕುತ್ತಾನೆ, ಒಮ್ಮೆ ಹಾಕಿಯೂ ಇದ್ದಾನೆ.

ಕೊಳ್ಳುವಾಗ ಎಲ್ಲರೂ ಕೇಳುವುದು ‘ಸ್ಪೀಡ್ ಎಷ್ಟು?’ ಅಂತ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 240 ಮೀಟರ್ ಓಡಿದರೆ ಹದಿನಾಲ್ಕು ಜೂಲ್ ಚಿಲ್ಲರೆ ಆಗುತ್ತದೆ. ಹಾಳೆ ತೂತು ಮಾಡಲು ಅದರ ಅರ್ಧ ಸಾಕು. ಶಬ್ದದ ವೇಗದ ಹತ್ತಿರಕ್ಕೆ ಹೋದಷ್ಟೂ ಈ ಸೊಂಟ ಸಣ್ಣಗಿರುವ ಗುಂಡು ಗಾಳಿಯಲ್ಲಿ ತೂರಾಡುತ್ತದೆ. ಡಬ್ಬದ ಮೇಲೆ ಬರೆದ ದೊಡ್ಡ ನಂಬರಿಗೆ ಮರುಳಾಗಿ ದುಡ್ಡು ಹಾಕುವ ಬದಲು ಗುಂಡಿಗೆ ಹಾಕಿ. ಸಡಿಲು ಪ್ಯಾಕೆಟ್ಟಿನಲ್ಲಿ ಬರುವ ಅಗ್ಗದ ಗುಂಡುಗಳಲ್ಲಿ ನೂರಕ್ಕೆ ಹತ್ತು ಹದಿನೈದರ ಲಂಗ, ಅಂದರೆ ಹಿಂಬದಿಯ ತೆಳು ಅಂಚು, ಜಜ್ಜಿಹೋಗಿರುತ್ತದೆ. ನಾನು ಸಂಜೆ ತಟ್ಟೆಗೆ ಸುರಿದುಕೊಂಡು ಅಕ್ಕಿ ಆರಿಸಿದ ಹಾಗೆ ಆರಿಸುತ್ತೇನೆ. ಹತ್ತು ಮೀಟರಿಗೆ ಚಪ್ಪಟೆ ತಲೆಯದು ಸರಿ, ಹಾಳೆಯಲ್ಲಿ ಪಂಚ್ ಹೊಡೆದಂತೆ ದುಂಡನೆ ತೂತು. ಇಪ್ಪತ್ತೈದಕ್ಕೆ ದುಂಡು ತಲೆಯದು. ಚೂಪು ತಲೆಯದು ಅಂಗಡಿಯ ಗಾಜಿನಲ್ಲಿ ಚೆಂದ, ಅಷ್ಟೇ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮುಟ್ಟಿದ್ದು ಸೀಸ.

ಹೊಸಬರು ಕೇಳಿದರೆ ನಡುವಿನದನ್ನೇ ತಗೊಳ್ಳಿ ಅನ್ನುತ್ತೇನೆ: ಒಳ್ಳೆಯ ಸ್ಪ್ರಿಂಗ್ ರೈಫಲ್, ಕಬ್ಬಿಣದ ಸೈಟು, ನಾಲ್ಕು ಡಬ್ಬ ಗುಂಡು. ಅಂಗಡಿಯಲ್ಲಿ ನಳಿಗೆ ಮುಚ್ಚಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ, ಕೂದಲೆಳೆಯಷ್ಟು ಆಡಿದರೂ ವಾಪಸ್ ಕೊಡಿ. ಸ್ಪರ್ಧೆಗೆ ಹೋಗುವ ಮಕ್ಕಳಿದ್ದರೆ ಮಾತು ಬೇರೆ. ಅಕ್ಕನ ಮಗಳು, ಆ ಬಕೆಟ್ಟಿನ ಪಕ್ಕ ಕೂತಿದ್ದವಳು, ಈಗ ಎಂಟನೇ ಕ್ಲಾಸು. ದೊಡ್ಡವರು ನಳಿಗೆ ಒತ್ತಿಕೊಟ್ಟರೆ ನಿಂತು ಹೊಡೆಯುತ್ತಾಳೆ, ನನಗಿಂತ ಚೆನ್ನಾಗಿ. ಅವಳಿಗೆ ಸ್ಪ್ರಿಂಗಿನ ಜಗ್ಗಾಟ ಅಭ್ಯಾಸ ಮಾಡಿಸಿ ಕೆಡಿಸುವುದಕ್ಕಿಂತ ಕ್ಲಬ್ಬಿನ ರೈಫಲ್ಲಿನಲ್ಲಿ ಕಲಿಸಬೇಕು ಅಂತ ಅಕ್ಕನಿಗೆ ಹೇಳಿದ್ದೇನೆ.

ಅಗ್ಗದ್ದನ್ನು ಗುಜರಿಗೆ ಹಾಕಿದೆ, ಮಾರಿ ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸಾಗಲಿಲ್ಲ. ಭಾವ ಯುಗಾದಿಗೆ ಬಂದಾಗ ಸೊಂಟ ಹಿಡಿದುಕೊಂಡೇ ಇಳಿದರು. ‘ಪಂಪ್ ಹೊಡ್ದೂ ಹೊಡ್ದೂ ಸಾಕಾಯ್ತಪ್ಪ, ನಿನ್ ಗನ್ ಕೊಡಿಲ್ಲಿ’ ಅಂತ ಇಡೀ ಮಧ್ಯಾಹ್ನ ನನ್ನದರಲ್ಲೇ ಹೊಡೆದರು. ಅವರದು ಕಾರಿನ ಡಿಕ್ಕಿಯಿಂದ ಇಳಿಯಲೇ ಇಲ್ಲ.