ಹಾರುವ ಕಾರು ನೋಡಬೇಕೆ? ಏರ್‌ಫಿಬಿಯನ್ನಾ, ಏರೋಕಾರಾ?

ಅಮೆರಿಕಕ್ಕೆ ಹೋದಾಗ ಹಳೆಯ ಹಾರುವ ಕಾರು ನೋಡುವ ಆಸೆ ಇದ್ದರೆ ಎರಡು ಒಳ್ಳೆಯ ಆಯ್ಕೆಗಳಿವೆ. ಆದರೆ ಒಂದು ದೇಶದ ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ!

ರಾಬರ್ಟ್ ಫುಲ್ಟನ್ ಅವರ ಏರ್‌ಫಿಬಿಯನ್ ಮೊದಲು ಹಾರಿದ್ದು 1946ರಲ್ಲಿ. 1950ರಲ್ಲಿ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ಇಂಥ ವಾಹನಕ್ಕೆ ಅಮೆರಿಕದಲ್ಲಿ ಅದೇ ಮೊದಲು. ವಿಮಾನ ಇಳಿದ ಮೇಲೆ ರೆಕ್ಕೆ, ಬಾಲ ಎಲ್ಲ ಬಿಚ್ಚಿ ನಿಲ್ದಾಣದಲ್ಲೇ ಬಿಡಬೇಕು. ಮೂತಿಯ ಪ್ರೊಪೆಲರ್ ಕಳಚಿ ಬದಿಗೆ ಸಿಕ್ಕಿಸಬೇಕು. ಆಮೇಲೆ ಊರೊಳಗೆ ಓಡಿಸಬಹುದು. ಆದರೆ ಮತ್ತೆ ಹಾರಬೇಕೆಂದರೆ ರೆಕ್ಕೆ ಬಿಟ್ಟಲ್ಲಿಗೇ ಬರಬೇಕು, ಅಲ್ವಾ?

ಮೋಲ್ಟನ್ ಟೇಲರ್ ಅವರ ತಲೆ ಓಡಿದ್ದು ಇಲ್ಲೇ. ಅವರ ಏರೋಕಾರ್ (ಮೊದಲ ಹಾರಾಟ 1949, ಮಾನ್ಯತೆ 1956) ರೆಕ್ಕೆಗಳನ್ನು ಹಿಂದಕ್ಕೆ ಮಡಚಿ, ಟ್ರೇಲರ್‌ನಂತೆ ತಾನೇ ಎಳೆದುಕೊಂಡು ಹೋಗುತ್ತದೆ. ಪ್ರೊಪೆಲರ್ ಬಾಲದ ತುದಿಯಲ್ಲಿ. ಎಂಜಿನ್ ಸೀಟಿನ ಹಿಂದೆ. ಅಲ್ಲಿಂದ ಉದ್ದನೆಯ ಶಾಫ್ಟ್ (ತಿರುಗುವ ದಂಡ) ಪ್ರೊಪೆಲರನ್ನು ತಿರುಗಿಸುತ್ತದೆ. ಆ ಜೋಡಣೆ ನೋಡಲಿಕ್ಕೇ ಹೋಗಬೇಕು. ತಯಾರಾದದ್ದು ಮಾತ್ರ ಬೆರಳೆಣಿಕೆಯಷ್ಟು.

ಎರಡೂ ವ್ಯಾಪಾರದಲ್ಲಿ ಗೆಲ್ಲಲಿಲ್ಲ, ಆ ಲೆಕ್ಕದಲ್ಲಿ ಸಮಸಮ.

ವಾಷಿಂಗ್ಟನ್ ಡಿ.ಸಿ. ಕಡೆ ನೆಂಟರಿದ್ದರೆ ವರ್ಜೀನಿಯಾದ ಉದ್ವಾರ್-ಹೇಜಿ ಸೆಂಟರ್ ಎಂಬ ವಿಮಾನ ಸಂಗ್ರಹಾಲಯಕ್ಕೆ ಹೋಗಿ. ಏರ್‌ಫಿಬಿಯನ್ ಅಲ್ಲಿದೆ, ಪ್ರವೇಶ ಉಚಿತ. ಸಿಯಾಟಲ್ ಕಡೆಯಾದರೆ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ ಏರೋಕಾರ್ 3 ಇದೆ, ಟಿಕೆಟ್ ಕೊಳ್ಳಬೇಕು. ನನ್ನನ್ನು ಕೇಳಿದರೆ, ದುಡ್ಡು ಹೋದರೂ ಏರೋಕಾರೇ.