ಹಳೇ ಇಎಸ್‌ಪಿ32 ಕೋಡ್, ಹೊಸ ಉಬುಂಟು: ಮೂರು ಟೂಲ್‌ಗಳಲ್ಲಿ ಯಾವುದು ವಾಸಿ?

ಲ್ಯಾಪ್‌ಟಾಪನ್ನು ಉಬುಂಟು 20.04ರಿಂದ 22.04ಕ್ಕೆ ಅಪ್‌ಗ್ರೇಡ್ ಮಾಡಿದೆ. ತಾರಸಿ ಗಿಡಗಳ ಪಂಪ್ ನಡೆಸುವ ಇಎಸ್‌ಪಿ32 ಎಂಬ ಸಣ್ಣ ಕಂಟ್ರೋಲರ್ ಬೋರ್ಡ್‌ಗೆ ಪೋರ್ಟೇ ಸಿಗಲಿಲ್ಲ. ಅದು ಸಿಕ್ಕ ಮೇಲೆ ಕೋಡ್ ಕಂಪೈಲ್ ಆಗಲಿಲ್ಲ. ಎರಡೂ ಬೇರೆ ಬೇರೆ ತೊಂದರೆ. ಪೋರ್ಟಿನದು ಯಾವ ಟೂಲ್ (ಆರ್ಡುಯಿನೋ ಐಡಿಇ, ಪ್ಲಾಟ್‌ಫಾರ್ಮ್‌ಐಒ, ಆರ್ಡುಯಿನೋ ಸಿಎಲ್‌ಐ) ಹಾಕಿಕೊಂಡರೂ ಹೋಗಲ್ಲ, ಅದನ್ನು ಮೊದಲು ಮುಗಿಸಿಬಿಡಿ.

ಕೇಬಲ್ ಚುಚ್ಚಿ ಕರ್ನಲ್ ಲಾಗ್ ನೋಡಿದರೆ, ಟಿಟಿವೈಯುಎಸ್‌ಬಿ0 (ಬೋರ್ಡಿನ ಪೋರ್ಟಿನ ಹೆಸರು) ಬಂದ ಕೂಡಲೇ ಡಿಸ್‌ಕನೆಕ್ಟ್ ಆಗಿರುತ್ತದೆ. ನಡುವೆ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು ಕಾಣುತ್ತದೆ. ಇದು ಬ್ರೈಲ್ ಡಿಸ್‌ಪ್ಲೇ ನಡೆಸುವ ಪ್ರೋಗ್ರಾಂ. ಅಂಥ ಒಂದು ಡಿಸ್‌ಪ್ಲೇಗೂ ನಮ್ಮ ಬೋರ್ಡಿನಲ್ಲಿರುವ ಸಿಎಚ್340 ಎಂಬ ಯುಎಸ್‌ಬಿ ಚಿಪ್‌ಗೂ ಒಂದೇ ಯುಎಸ್‌ಬಿ ಐಡಿ, 1ಎ86:7523. ಹಾಗಾಗಿ ನಮ್ಮ ಬೋರ್ಡನ್ನೂ ಅದು ಹಿಡಿದುಕೊಳ್ಳುತ್ತದೆ. ಬ್ರೈಲ್ ಬಳಸದಿದ್ದರೆ ಪ್ಯಾಕೇಜ್ ತೆಗೆದುಹಾಕಿ. ಮನೆಯಲ್ಲಿ ಬಳಸುವವರಿದ್ದರೆ ದಯವಿಟ್ಟು ತೆಗೆಯಬೇಡಿ, ಯುಡೆವ್ (ಸಾಧನಗಳನ್ನು ಗುರುತಿಸುವ ವ್ಯವಸ್ಥೆ) ರೂಲ್ ಫೈಲಿನಲ್ಲಿ ಆ ಐಡಿಯ ಸಾಲನ್ನಷ್ಟೇ ಕಮೆಂಟ್ ಮಾಡಿ. ಆಮೇಲೂ ಪರ್ಮಿಷನ್ ಎರರ್ ಬಂದರೆ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪಿಗೆ ಸೇರಿಕೊಂಡು ಲಾಗ್‌ಔಟ್ ಆಗಿ ಬನ್ನಿ.

ಇನ್ನು ಕಂಪೈಲರ್. ಹೊಸದಾಗಿ ಹಾಕಿದ ಆರ್ಡುಯಿನೋ ಐಡಿಇ 2, ಇಎಸ್‌ಪಿ32 ಕೋರ್‌ನ (ಈ ಬೋರ್ಡಿಗೆ ಕೋಡ್ ಕಂಪೈಲ್ ಮಾಡಲು ಬೇಕಾದ ಪ್ಯಾಕೇಜ್) 3ನೇ ಆವೃತ್ತಿಯನ್ನೇ ತಂದುಕೊಟ್ಟಿತು. ಪಿನ್‌ನಿಂದ ಪಲ್ಸ್ ಕಳಿಸಲು ನನ್ನ ಹಳೇ ಕೋಡ್ ಬಳಸುವ ಎಲ್‌ಇಡಿಸಿ ಸೆಟಪ್ ಫಂಕ್ಷನ್ನೇ ಅದರಲ್ಲಿಲ್ಲ. ಬೋರ್ಡ್ಸ್ ಮ್ಯಾನೇಜರ್‌ನಲ್ಲಿ 2.0.17 ಆರಿಸಿದೆ, ಕೆಲಸ ಆಯಿತು. ಎಲ್ಲಕ್ಕಿಂತ ಸುಲಭದ ದಾರಿ ಇದೇ. ಆದರೆ ಇಲ್ಲಿ ಎಲ್ಲ ಸ್ಕೆಚ್‌ಗಳಿಗೂ (ಆರ್ಡುಯಿನೋ ಪ್ರೋಗ್ರಾಂಗಳಿಗೂ) ಒಂದೇ ಆವೃತ್ತಿ. ನನ್ನ ಹತ್ತಿರ ಇಎಸ್‌ಪಿ32-ಸಿ6 ಎಂಬ ಬೇರೆ ಬೋರ್ಡ್ ಕೂಡ ಇದೆ, ಅದಕ್ಕೆ 3 ಬೇಕೇ ಬೇಕು. ಪ್ರತಿ ಸಲ ಬದಲಿಸುತ್ತಾ ಕೂರೋಕಾಗುತ್ತಾ?

ಪ್ಲಾಟ್‌ಫಾರ್ಮ್‌ಐಒದಲ್ಲಿ ಆ ಗೋಳಿಲ್ಲ. ಪ್ರಾಜೆಕ್ಟಿಗೊಂದು ಆವೃತ್ತಿ, ಲೈಬ್ರರಿಗಳೂ ಹಾಗೇ. ದೊಡ್ಡ ಪ್ರಾಜೆಕ್ಟಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಹಳೇ ಸ್ಕೆಚ್ಚನ್ನು ಸಿಪಿಪಿ (ಸಿ++) ಫೈಲ್ ಮಾಡಿಕೊಳ್ಳುವುದು ವಾಡಿಕೆ, ಹಾಗೆ ಮಾಡಿದರೆ ಫಂಕ್ಷನ್‌ಗಳನ್ನು ಮೇಲೆಯೇ ಡಿಕ್ಲೇರ್ ಮಾಡಬೇಕು. ಜೊತೆಗೆ ಅದರ ಮೂಲ ಇಎಸ್‌ಪಿ32 ಪ್ಯಾಕೇಜ್ 2ನೇ ಆವೃತ್ತಿಗೇ ನಿಂತಿದೆ. ಸಿ6ಗೆ ಪಯೋಆರ್ಡುಯಿನೋ ಎಂಬ ಸಮುದಾಯದ ಫೋರ್ಕ್ (ಕವಲು ಆವೃತ್ತಿ) ಹಾಕಿಕೊಳ್ಳಬೇಕು.

ನನ್ನ ಓಟು ಟರ್ಮಿನಲ್‌ನಲ್ಲಿ ನಡೆಯುವ ಆರ್ಡುಯಿನೋ ಸಿಎಲ್‌ಐಗೆ. ಸ್ಕೆಚ್ ಫೋಲ್ಡರ್‌ನಲ್ಲಿ ಒಂದು ಯಾಮಲ್ ಫೈಲ್ ಇಟ್ಟು ಬೋರ್ಡ್, ಕೋರ್ ಆವೃತ್ತಿ, ಅದರ ಇಂಡೆಕ್ಸ್ ವಿಳಾಸ, ಲೈಬ್ರರಿಗಳನ್ನು ಬರೆದರೆ ಸಾಕು. ಹಳೇ ಸ್ಕೆಚ್ ಇದ್ದ ಹಾಗೇ ಕಂಪೈಲ್ ಆಗುತ್ತದೆ, ಪಕ್ಕದ ಸಿ6 ಸ್ಕೆಚ್‌ಗೆ 3 ಇದ್ದರೂ ತಕರಾರಿಲ್ಲ. ಟರ್ಮಿನಲ್ ಅಂದರೆ ಹಿಂಜರಿಯುವ ಮಕ್ಕಳಿಗೆ ಮಾತ್ರ ಐಡಿಇನೇ ಕೊಡಿ.

ಕೋಡನ್ನೇ 3ಕ್ಕೆ ತರುವವರು ಎಲ್‌ಇಡಿಸಿ ರೈಟ್ ಸಾಲುಗಳನ್ನು ತಪ್ಪದೆ ನೋಡಿ. ಮೊದಲು ಅಲ್ಲಿ ಚಾನೆಲ್ ನಂಬರ್ ಇರುತ್ತಿತ್ತು, ಈಗ ಪಿನ್ ನಂಬರ್ ಬೇಕು. ಹಳೇದನ್ನೇ ಬಿಟ್ಟರೆ ಆ ಸಾಲಿಗೆ ಕಂಪೈಲರ್ ಏನೂ ಅನ್ನುವುದಿಲ್ಲ, ಪಂಪ್ ಮಾತ್ರ ತಿರುಗುವುದಿಲ್ಲ.